ಮಂಗಳವಾರದ ಮಡೆಂಜಿ

ಕಂಡಕ್ಟರ್ ಚಂದು ಸುಳ್ಳು ಹೇಳುವ ಮನುಷ್ಯನಲ್ಲ. ಉಡುಪಿ–ಕಾರ್ಕಳ ದಾರಿಯ ಖಾಸಗಿ ಬಸ್ಸಿನಲ್ಲಿ ಮೂವತ್ತೆರಡು ವರ್ಷ ಸೀಟಿ ಊದಿದವನು. ಅವನು "ಸೀಟು ಉಂಟು" ಎಂದರೆ ಆ ಬಸ್ಸಿನಲ್ಲಿ ನಿಜವಾಗಿಯೂ ಸೀಟು ಇರುತ್ತಿತ್ತು. ಇದು ಎಷ್ಟು ದೊಡ್ಡ ಮಾತು ಎಂಬುದು ಉಡುಪಿಯ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿದವರಿಗೇ ಗೊತ್ತು. ನಿವೃತ್ತನಾಗಿ ಒಂಬತ್ತು ವರ್ಷವಾದ ಮೇಲೂ ಕಲ್ಯಾಣಪುರದಲ್ಲಿ ಯಾವುದಾದರೂ ಮಾತಿಗೆ ಸಾಕ್ಷಿ ಬೇಕಾದರೆ "ಚಂದಣ್ಣನನ್ನು ಕೇಳಿ" ಎನ್ನುವುದು ರೂಢಿ.

ಒಂದು ವಿಷಯ ಮಾತ್ರ ಬೇರೆ. ಮೀನು ಎಲ್ಲಿ ಸಿಕ್ಕಿತು ಎಂದು ಕೇಳಿದರೆ ಚಂದು ಕಣ್ಣು ಮಿಟುಕಿಸದೆ ಸುಳ್ಳು ಹೇಳುತ್ತಿದ್ದ.

ಇದಕ್ಕೆ ಅವನನ್ನು ದೂರುವ ಹಾಗಿಲ್ಲ. ಗಾಳ ಹಾಕುವವರಲ್ಲಿ ಅದೇ ಮರ್ಯಾದೆ. ಸಿಕ್ಕಿದ ಮೀನಿನ ತೂಕವನ್ನು ಸ್ವಲ್ಪ ಹೆಚ್ಚಿಸಿ ಹೇಳಬಹುದು, ತಪ್ಪಿಸಿಕೊಂಡ ಮೀನಿನ ಉದ್ದವನ್ನು ಧಾರಾಳವಾಗಿ ಹೆಚ್ಚಿಸಿ ಹೇಳಬಹುದು, ಆದರೆ ಜಾಗವನ್ನು ಹೇಳಬಾರದು. ಹಾಗೆಂದು "ಹೇಳುವುದಿಲ್ಲ" ಎಂದರೆ ಒರಟಾಯಿತು. ದೂರದ ಒಂದು ಊರಿನ ಹೆಸರು ಹೇಳಬೇಕು. ಕೇಳಿದವನು "ಹೌದಾ, ಅಲ್ಲಿ ಈಗ ಒಳ್ಳೆದುಂಟಂತೆ" ಎಂದು ತಲೆಯಾಡಿಸಬೇಕು. ಸುಳ್ಳೆಂದು ಇಬ್ಬರಿಗೂ ಗೊತ್ತಿರುತ್ತದೆ, ಇಬ್ಬರೂ ತೋರಿಸಿಕೊಳ್ಳುವುದಿಲ್ಲ. ಮದುವೆಮನೆಯಲ್ಲಿ "ಊಟ ಚೆನ್ನಾಗಿತ್ತು" ಎನ್ನುವಷ್ಟೇ ನಿರಪಾಯದ ಮಾತು ಅದು.

ನಿರಪಾಯವೆಂದು ಚಂದುವೂ ನಂಬಿದ್ದ, ಜನವರಿಯ ಆ ಮಂಗಳವಾರದವರೆಗೆ.

ಆ ಬೆಳಿಗ್ಗೆ ಅವನು ಒಂದು ಮಡೆಂಜಿ ತಂದ. ಮಡೆಂಜಿ ಸಿಹಿನೀರಿನ ಮೀನು. ಹಾವಿನಂಥ ತಲೆ, ಕಪ್ಪು ಬೆನ್ನು, ಬಿಳಿ ಹೊಟ್ಟೆ. ಕಡಲ ಮೀನು ತಿನ್ನುವ ಊರಿನಲ್ಲಿ ಅದಕ್ಕೆ ಅಂಥ ಮರ್ಯಾದೆ ಇಲ್ಲ. ಬಂಗುಡೆ, ಅಂಜಲ್ ತಿಂದವರು ಅದನ್ನು ಕೆಸರಿನ ಮೀನು ಎಂದು ಮೂಗು ಮುರಿಯುತ್ತಾರೆ. ಚಂದುವಿನ ಹೆಂಡತಿ ಅಮ್ಮಣ್ಣಿಯೂ ಮೂಗು ಮುರಿಯುವವಳೇ, ಆದರೆ ಮಡೆಂಜಿಯ ಸಾರು ಮಾಡಿದ ದಿನ ಎರಡು ಸಲ ಅನ್ನ ಬಡಿಸಿಕೊಳ್ಳುತ್ತಿದ್ದಳು. ಹಿತ್ತಲ ಕಲ್ಲಿನ ಮೇಲೆ ಮೀನಿಗೆ ಬೂದಿ ಹಾಕಿ ಲೋಳೆ ತಿಕ್ಕುತ್ತಿದ್ದವಳು ಅದನ್ನು ಮಗುಚಿ ಹಾಕಿ ಕೈ ಹಿಂದೆಗೆದಳು.

"ಇದೆಂತ ಮಾರಾಯ್ರೆ? ಮೀನಿಗೆ ಸಿಡುಬು ಬಂದಿದೆ."

ಚಂದು ಬಗ್ಗಿ ನೋಡಿದ. ಬಿಳಿ ಹೊಟ್ಟೆಯ ತುಂಬ ಸಾಸಿವೆ ಸಿಡಿದ ಹಾಗೆ ಕಪ್ಪು ಚುಕ್ಕಿಗಳು. ಬೂದಿಗೆ ಹೋಗಲಿಲ್ಲ, ಉಗುರಿಗೂ ಹೋಗಲಿಲ್ಲ.

"ನಾನು ಇದನ್ನು ಅಡುಗೆ ಮಾಡುದಿಲ್ಲ," ಎಂದಳು ಅಮ್ಮಣ್ಣಿ. "ತೆಂಗಿನ ಬುಡಕ್ಕೆ ಹಾಕಿ."

"ಹಾಕಬೇಡಿ ಅತ್ತೆ, ಒಂದು ನಿಮಿಷ," ಎಂದು ಒಳಗಿನಿಂದ ಓಡಿ ಬಂದವಳು ಕಾವ್ಯ. ಚಂದುವಿನ ತಂಗಿಯ ಮಗಳು. ಮಣಿಪಾಲದ ಒಂದು ಕಾಲೇಜಿನಲ್ಲಿ ಎಂಎಸ್ಸಿ ಓದುತ್ತಿದ್ದಳು, ಓಡಾಟಕ್ಕೆ ಹತ್ತಿರವೆಂದು ಮಾವನ ಮನೆಯಲ್ಲೇ ಇದ್ದಳು. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯ ಸಂತಾನದ ಮನೆಗಳಲ್ಲಿ ತಂಗಿಯ ಮಗಳೆಂದರೆ ಸ್ವಂತ ಮಗಳಿಗಿಂತ ಒಂದು ತೂಕ ಹೆಚ್ಚು. ಮಕ್ಕಳಿಲ್ಲದ ಚಂದುವಿಗೆ ಎರಡು ತೂಕ. ಪ್ರಾಜೆಕ್ಟಿಗೆ ವಿಷಯ ಸಿಗದೆ ಎರಡು ತಿಂಗಳಿನಿಂದ ಮುಖ ಬಾಡಿಸಿಕೊಂಡಿದ್ದ ಹುಡುಗಿ ಈಗ ಆ ಸಿಡುಬಿನ ಮೀನಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಫೋಟೋ ತೆಗೆದದ್ದೇ ತೆಗೆದದ್ದು.

"ರೋಗ ಅಲ್ಲ ಅತ್ತೆ. ಕಣ್ಣಿಗೆ ಕಾಣದಷ್ಟು ಸಣ್ಣ ಹುಳ. ಮೊದಲು ನೀರಿನ ಶಂಖುಹುಳದಲ್ಲಿ, ಬಸವನಹುಳದ ಜಾತಿಯದ್ದು, ಅದರಲ್ಲಿ ಇರ್ತದೆ, ಅಲ್ಲಿಂದ ಮೀನಿನ ಚರ್ಮಕ್ಕೆ ಬರ್ತದೆ. ಆ ಮೀನನ್ನು ಹಕ್ಕಿ ತಿಂದರೆ ಹಕ್ಕಿಯ ಹೊಟ್ಟೆಗೆ ಹೋಗ್ತದೆ. ಹುಳ ಕೂತಲ್ಲಿ ಮೀನಿನ ಚರ್ಮ ಅದರ ಸುತ್ತ ಕಪ್ಪು ಕಟ್ತದೆ. ಬೇಯಿಸಿ ತಿಂದರೆ ನಮಗೆ ಏನೂ ಆಗುದಿಲ್ಲ."

ಚಂದುವಿಗೆ ಇದು ಚೆನ್ನಾಗಿ ಅರ್ಥವಾಯಿತು. "ಅಂದರೆ ಶಂಖುಹುಳದಿಂದ ಇಳಿದು ಮೀನಿಗೆ ಹತ್ತುದು. ಮೀನಿನಲ್ಲಿ ಕೂತು ಮುಂದಿನ ಬಸ್ಸು ಕಾಯುದು."

"ಅಷ್ಟೇ ಮಾವ. ಇದು ಎಲ್ಲೆಲ್ಲಿ ಉಂಟು ಅಂತ ಈ ಕಡೆ ಯಾರೂ ನೋಡಿಲ್ಲ. ಶಂಖುಹುಳ ಇರುವ ಜಾಗ ಸಿಕ್ಕಿದರೆ ನನ್ನ ಪ್ರಾಜೆಕ್ಟ್ ಆಯಿತು." ಅವಳು ಪುಸ್ತಕ ತೆರೆದಳು. "ಇದು ಎಲ್ಲಿ ಸಿಕ್ಕಿದ್ದು?"

"ಕಾರ್ಕಳದಲ್ಲಿ," ಎಂದ ಚಂದು.

ಮನಸ್ಸು ಯೋಚಿಸುವ ಮೊದಲೇ ನಾಲಿಗೆ ಹೇಳಿಬಿಟ್ಟಿತ್ತು. ಹೇಳಿದ ಮೇಲೆ ತುಂಬಿಸಲೇಬೇಕಲ್ಲ. "ಕಾರ್ಕಳದಿಂದ ಆಚೆ ಒಂದು ಮದಗ ಉಂಟು, ದೊಡ್ಡ ಕೆರೆಯ ಹಾಗೆ. ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ ಬಂದೆ."

ಕಾವ್ಯ ಬರೆದುಕೊಂಡಳು. ಮಾವ ಸುಳ್ಳು ಹೇಳುವವರಲ್ಲ ಎಂದು ಊರಿಗೆ ಊರೇ ಹೇಳುವಾಗ ಅವಳೇಕೆ ಅನುಮಾನಿಸಬೇಕು? ಅಮ್ಮಣ್ಣಿ ಮಾತ್ರ ಗಂಡನ ಕಾಲು ನೋಡಿದಳು. ಕಾರ್ಕಳಕ್ಕೆ ಹೋಗಿ ಬಂದ ಕಾಲಿಗೆ ಕಲ್ಯಾಣಪುರದ ಗದ್ದೆಯ ಕೆಸರು ಹತ್ತಿತ್ತು. ಅವಳು ಮೀನು ತೊಳೆದಳು.

ನಿಜವಾದ ಜಾಗ ಮನೆಯಿಂದ ಇಪ್ಪತ್ತು ನಿಮಿಷದ ನಡಿಗೆ. ಸ್ವರ್ಣಾ ನದಿಗೆ ಸೇರುವ ಒಂದು ತೋಡಿಗೆ ಕಿಂಡಿ ಅಣೆಕಟ್ಟು ಕಟ್ಟಿದ್ದಾರೆ. ಮಳೆ ಮುಗಿದ ಮೇಲೆ ಅದರ ಕಿಂಡಿಗಳಿಗೆ ಹಲಗೆ ಇಳಿಸಿದರೆ ಉಪ್ಪುನೀರು ಕೆಳಗೆ, ಸಿಹಿನೀರು ಮೇಲೆ. ಮೇಲಿನ ನೀರು ಹಿಂದಕ್ಕೆ ತುಂಬಿ ಕೇದಗೆ ಪೊದೆಗಳ ಮರೆಯಲ್ಲಿ ಒಂದು ಗುಂಡಿಯಾಗುತ್ತದೆ. ದಡದಲ್ಲಿ ಕೂರುವುದಕ್ಕೆ ಒಂದು ಚಪ್ಪಟೆ ಮುರಕಲ್ಲು. ಈ ಗುಂಡಿಯನ್ನು ಚಂದುವಿಗೆ ತೋರಿಸಿದವರು ಲೂಯಿಸ್ ಪೊರ್ಬು, ಸಂತೆಕಟ್ಟೆಯ ದರ್ಜಿ.

ಅದು ಚಂದು ನಿವೃತ್ತನಾದ ಹೊಸತು. ಮೂವತ್ತೆರಡು ವರ್ಷ ನಿಂತುಕೊಂಡೇ ಬದುಕಿದವನಿಗೆ ಮನೆಯಲ್ಲಿ ಕೂರಲು ಬರಲಿಲ್ಲ. ಬೆಳಿಗ್ಗೆ ಖಾಕಿ ಅಂಗಿ ಹಾಕಿಕೊಂಡು ಹೋಗಿ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲುತ್ತಿದ್ದ. ಯಾರದೋ ಬಸ್ಸಿಗೆ "ಕಾರ್ಕಳ, ಕಾರ್ಕಳ" ಎಂದು ಕೂಗಿಕೊಡುತ್ತಿದ್ದ. ಹೊಸ ಕಂಡಕ್ಟರುಗಳು ಮೊದಲು ನಕ್ಕರು, ಆಮೇಲೆ ಕಿರಿಕಿರಿ ಮಾಡಿಕೊಂಡರು. ಒಂದು ದಿನ ಲೂಯಿಸ್ ಅವನನ್ನು ಅಲ್ಲಿ ಕಂಡು ಏನೂ ಕೇಳದೆ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಂದು ಈ ಗುಂಡಿಯ ದಡದಲ್ಲಿ ಇಳಿಸಿದರು. ಕೈಗೆ ಒಂದು ಬಿದಿರಿನ ಗಾಳದ ಕೋಲು ಕೊಟ್ಟರು.

"ಚಂದಣ್ಣ, ಇದು ನಿಮಗೆ ಮಾತ್ರ ಹೇಳುದು. ಇಲ್ಲಿ ಮಂಗಳವಾರ ಬೆಳಿಗ್ಗೆ ಮಾತ್ರ ಮೀನು ಕಚ್ಚುದು. ಬೇರೆ ದಿನ ಬಂದು ನೀರು ಕಲಕಿದರೆ ಮಡೆಂಜಿ ಜಾಗ ಬಿಟ್ಟು ಹೋಗ್ತದೆ. ಭಾನುವಾರವಂತೂ ಮೀನಿಗೂ ರಜೆ. ಯಾರಿಗೂ ಹೇಳುದಿಲ್ಲ ಅಂತ ಕೈ ಕೊಡಿ."

ಚಂದು ಕೈ ಕೊಟ್ಟ. ಒಂಬತ್ತು ವರ್ಷ ಆ ಮಾತನ್ನು ಉಳಿಸಿಕೊಂಡ. ಮಂಗಳವಾರವಲ್ಲದೆ ಬೇರೆ ದಿನ ಆ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಕೆಲವೊಮ್ಮೆ ಕಲ್ಲಿನ ಬಳಿ ಬಿಸ್ಕತ್ತಿನ ಪ್ಲಾಸ್ಟಿಕ್ ತೊಟ್ಟೆ ಬಿದ್ದಿರುತ್ತಿತ್ತು, ಕೇದಗೆಯ ಮುಳ್ಳಿಗೆ ಹರಿದ ದಾರ ನೇತಾಡುತ್ತಿತ್ತು. ತೋಡು ಎಲ್ಲಿಂದಲೋ ಹೊತ್ತು ತಂದದ್ದೆಂದು ಹೆಕ್ಕಿ ಬಿಸಾಡುತ್ತಿದ್ದ. ಲೂಯಿಸ್ ತೀರಿಕೊಂಡು ಎರಡು ವರ್ಷವಾಗಿತ್ತು. ಅವರು ಸತ್ತ ಮೇಲೆ ಆ ಗುಂಡಿ ಭೂಮಿಯ ಮೇಲೆ ತನಗೊಬ್ಬನಿಗೇ ಗೊತ್ತೆಂದು ಚಂದು ತಿಳಿದಿದ್ದ. ತನ್ನ ಹಿಂದೆ ಬಿಟ್ಟು ಹೋಗಲು ಅವನ ಬಳಿ ಇದ್ದ ಗುಟ್ಟಿನ ಆಸ್ತಿ ಅದೊಂದೇ.

ಕಾವ್ಯ ಉಡುಪಿಯ ಗಾಳದ ಸಾಮಾನಿನ ಅಂಗಡಿಯಲ್ಲಿ ಒಂದು ಚೀಟಿ ಅಂಟಿಸಿದಳು. ಹೊಟ್ಟೆಯಲ್ಲಿ ಕಪ್ಪು ಚುಕ್ಕಿ ಇರುವ ಮೀನು ಸಿಕ್ಕಿದರೆ ಫೋಟೋ, ಜಾಗ, ತಾರೀಕು ವಾಟ್ಸಾಪ್ ಮಾಡಿ ಎಂದು. ವಾರದೊಳಗೆ ಇನ್ನಿಬ್ಬರು ಕಳಿಸಿದರು. ಒಬ್ಬ ಬ್ಯಾಪ್ಟಿಸ್ಟ್, ಕುವೈತಿನಿಂದ ವಾಪಸು ಬಂದು ಕಲ್ಯಾಣಪುರದಲ್ಲೇ ಮನೆ ಕಟ್ಟಿಕೊಂಡವನು. ಅವನ ಮಡೆಂಜಿ ಉದ್ಯಾವರದ ಹೊಳೆಯ ಮೇಲ್ಬದಿಯದ್ದಂತೆ. ಇನ್ನೊಬ್ಬ ಸಂತೆಕಟ್ಟೆಯ ರಿಕ್ಷಾದ ಪ್ರವೀಣ್. ಅವನದು ಕಾಪುವಿನ ಹತ್ತಿರ ಮುರಕಲ್ಲು ತೆಗೆದ ಹಳೆಯ ಕೋರೆಯ ಹೊಂಡದ್ದಂತೆ.

ಈ ಸುದ್ದಿ ಕೇಳಿ ಚಂದುವಿಗೆ ಎದೆಯ ಭಾರ ಇಳಿಯಿತು. ಉದ್ಯಾವರದಲ್ಲೂ ಉಂಟು, ಕಾಪುವಿನಲ್ಲೂ ಉಂಟು ಎಂದ ಮೇಲೆ ಕಾರ್ಕಳದಲ್ಲಿ ಇಲ್ಲದೆ ಹೋಗುತ್ತದೆಯೇ? ಹುಡುಕಿದರೆ ಅಲ್ಲಿಯೂ ಇದ್ದೀತು. ಹೀಗೆ ತನ್ನ ಸುಳ್ಳನ್ನು ಬೇರೆಯವರ ಸತ್ಯದ ಮೇಲೆ ಒರಗಿಸಿಟ್ಟು ಅವನು ನೆಮ್ಮದಿಯಾಗಿ ನಿದ್ದೆ ಮಾಡಿದ. ಗಾಳದವನೊಬ್ಬ ಗಾಳದವರ ಮಾತನ್ನು ಹೇಗೆ ನಂಬಿದ ಎಂದು ಯಾರಾದರೂ ಕೇಳಬಹುದು. ತನಗೆ ಅನುಕೂಲವಾದ ಮಾತನ್ನು ಎಂಥವನೂ ನಂಬುತ್ತಾನೆ.

ಕಾವ್ಯ ಬಲೆ, ಬಾಲ್ದಿ, ಸೀಸೆ ಹೊತ್ತುಕೊಂಡು ತಿರುಗಿದಳು. ಕಾರ್ಕಳದ ಮದಗದಲ್ಲಿ ಎರಡು ದಿನ, ಉದ್ಯಾವರದಲ್ಲಿ ನಾಲ್ಕು ದಿನ, ಕಾಪುವಿನ ಕೋರೆಯಲ್ಲಿ ಮೂರು ದಿನ. ಮೀನು ಸಿಕ್ಕಿದವು, ಎಲ್ಲದರ ಹೊಟ್ಟೆಯೂ ಒಗೆದ ಪಂಚೆಯ ಹಾಗೆ ಬಿಳಿ. ಅವಳಿಗೆ ಬೇಕಾದ ಶಂಖುಹುಳ ಒಂದೂ ಇರಲಿಲ್ಲ. ಮೂರನೆಯ ವಾರದ ಬುಧವಾರ ಸಂಜೆ ಕಾಲೇಜಿನಿಂದ ಬಂದವಳು ಬಾಲ್ದಿಯನ್ನು ಜಗಲಿಯಲ್ಲಿ ಇಟ್ಟು ಅದರ ಪಕ್ಕದಲ್ಲೇ ಕೂತಳು.

"ಎಂತ ಆಯ್ತು ಮಗಾ?" ಎಂದ ಚಂದು.

"ರೀನಾ ಮೇಡಂ ಕೇಳಿದ್ರು ಮಾವ." ರೀನಾ ಮೇಡಂ ಎಂದರೆ ಅವಳ ಗೈಡು. ಮೂವತ್ತೈದು ವರ್ಷ ಮೀನಿನ ಪಾಠ ಹೇಳಿದವರು, ಮಾರ್ಚಿಗೆ ನಿವೃತ್ತಿ, ಶಿಸ್ತಿಗೆ ಹೆಸರುವಾಸಿ. "ಮನೆಯಲ್ಲಿ ಕೂತು ಜಾಗದ ಹೆಸರು ಬರೆದದ್ದಾ ಅಂತ ಕೇಳಿದ್ರು. ಎಲ್ಲರ ಎದುರು. ಫೋಟೋದ ಮೀನು ಎಲ್ಲಿಯದ್ದೋ, ಬರೆದ ಜಾಗ ಎಲ್ಲಿಯದ್ದೋ, ಇದು ಸುಳ್ಳು ಅಂದ್ರು. ಸೋಮವಾರದೊಳಗೆ ಜಾಗ ತೋರಿಸದಿದ್ದರೆ ಈ ಪ್ರಾಜೆಕ್ಟ್ ಇಲ್ಲ. ಒಂದು ವರ್ಷ ಹೋದ ಹಾಗೆ."

ಚಂದು ಬಾಲ್ದಿಯ ಕಡೆ ನೋಡಿದ. "ನೀನು ಎಂತ ಹೇಳಿದಿ?"

"ಬೇರೆಯವರದ್ದು ನನಗೆ ಗೊತ್ತಿಲ್ಲ, ಒಂದು ಜಾಗ ಹೇಳಿದ್ದು ನನ್ನ ಮಾವ, ಅವರು ಸುಳ್ಳು ಹೇಳುದಿಲ್ಲ ಅಂತ ಹೇಳಿದೆ."

ಆ ಸಂಜೆ ಚಂದುವಿಗೆ ಊಟ ಸೇರಲಿಲ್ಲ. ಬಿಸಿತುಪ್ಪ ಬಾಯಿಗೆ ಹಾಕಿಕೊಂಡವನ ಪಾಡು, ನುಂಗಲೂ ಆಗದು, ಉಗುಳಲೂ ಆಗದು. ಹೇಳಿದರೆ ಸತ್ತ ಗೆಳೆಯನಿಗೆ ಕೊಟ್ಟ ಕೈ ಸುಳ್ಳಾಗುತ್ತದೆ. ಹೇಳದಿದ್ದರೆ ಬದುಕಿರುವ ಹುಡುಗಿ ಸುಳ್ಳಿಯಾಗುತ್ತಾಳೆ, ಅದೂ ತನ್ನ ಸುಳ್ಳಿಗೆ. ಅವನಿಗೆ ನಾಚಿಕೆಯಾಯಿತು. ಮೂರು ವಾರ ಅವಳು ಬಿಸಿಲಲ್ಲಿ ಬಾಲ್ದಿ ಹೊತ್ತದ್ದು ನೆನೆದು ಅಳು ಬಂದ ಹಾಗೂ ಆಯಿತು.

"ಕಾರ್ಕಳದ ಕೆಸರು ಕೆಂಪು ಮಾರಾಯ್ರೆ," ಎಂದಳು ಅಮ್ಮಣ್ಣಿ, ಅವನ ತಟ್ಟೆ ತೆಗೆಯುತ್ತಾ. "ನಿಮ್ಮ ಕಾಲಿನದ್ದು ಕಪ್ಪಿತ್ತು. ನಾನು ಹೇಳಬಹುದಿತ್ತು. ನೀವೇ ಹೇಳ್ತೀರಿ ಅಂತ ಕಾದೆ."

ಎರಡು ದಿನ ಯೋಚಿಸಿ ಚಂದು ಒಂದು ದಾರಿ ಕಂಡುಕೊಂಡ. ಸತ್ತವರಿಗೆ ಕೊಟ್ಟ ಮಾತನ್ನು ಬಿಡಿಸಿಕೊಳ್ಳಬೇಕಾದರೆ ಅವರ ಹತ್ತಿರದವರನ್ನು ಕೇಳಬೇಕು. ಶನಿವಾರ ಸಂಜೆ ಲೂಯಿಸರ ಹೆಂಡತಿ ಗ್ಲ್ಯಾಡಿಸ್ ಬಾಯಿಯ ಮನೆಗೆ ಹೋದ. ಲೂಯಿಸರ ಹೊಲಿಗೆ ಮಿಷನಿನ ಮೇಲೆ ಅವರು ಕಸೂತಿಯ ಬಟ್ಟೆ ಹೊದಿಸಿಟ್ಟಿದ್ದರು. ಕಾಫಿಯ ಜೊತೆ ಕ್ರಿಸ್‌ಮಸ್ಸಿಗೆ ಮಾಡಿ ಉಳಿದಿದ್ದ ಕುಸ್ವಾರ್ ತಿಂಡಿ ತಂದಿಟ್ಟರು.

"ಬಾಯಮ್ಮ, ಒಂದು ಮಾತು ಕೇಳುದುಂಟು."

"ಕೇಳಿ ಚಂದಣ್ಣ. ಈ ವಾರ ಎಲ್ಲರಿಗೂ ಕೇಳುದೇ."

ಅದು ಚಂದುವಿನ ಕಿವಿಗೆ ಬೀಳಲಿಲ್ಲ. "ಒಬ್ಬ ಮನುಷ್ಯ ಸತ್ತವರಿಗೆ ಒಂದು ಮಾತು ಕೊಟ್ಟಿದ್ದಾನೆ ಅಂತ ಇಟ್ಟುಕೊಳ್ಳಿ. ನಾನು ಅಂತ ಅಲ್ಲ."

"ನೀವು ಅಂತ ಅಲ್ಲ."

"ಆ ಮಾತು ಮುರಿದರೆ ಸತ್ತವರಿಗೆ ಬೇಸರ ಆಗ್ತದಾ?"

"ಸತ್ತದ್ದು ಯಾರು ಅಂತ ನೋಡಬೇಕು ಅಲ್ವಾ? ಕೆಲವರಿಗೆ ಆಗ್ತದೆ."

"ಒಬ್ಬ ದರ್ಜಿ ಅಂತ ಇಟ್ಟುಕೊಳ್ಳಿ."

ಗ್ಲ್ಯಾಡಿಸ್ ಬಾಯಿ ಮಿಷನಿನ ಕಡೆ ನೋಡಿ ಸ್ವಲ್ಪ ಯೋಚಿಸಿದವರ ಹಾಗೆ ಮಾಡಿದರು. "ದರ್ಜಿಯಾದರೆ ಬೇಸರ ಆಗುದಿಲ್ಲ. ಅವರು ಹೊಲಿದದ್ದನ್ನು ಬಿಚ್ಚಿ ಪುನಃ ಹೊಲಿಯುವವರು. ನಾಳೆ ಆ ಹುಡುಗಿಯನ್ನು ಕರ್ಕೊಂಡು ಹೋಗಿ. ಒಂಬತ್ತು ಗಂಟೆಗೆ ಹೋಗಿ, ಮೊದಲಿನ ಪೂಜೆ ಮುಗಿದಿರ್ತದೆ."

ಹುಡುಗಿಯ ವಿಷಯ ತಾನು ಹೇಳಿಯೇ ಇಲ್ಲವಲ್ಲ, ಗುಂಡಿಗೂ ಇಗರ್ಜಿಯ ಪೂಜೆಗೂ ಎಂತ ಸಂಬಂಧ ಎಂದು ಚಂದು ಕೇಳಬಹುದಿತ್ತು. ಅವನು ಕೇಳಿದ್ದು ಬೇರೆ. "ನಾಳೆ ಭಾನುವಾರ ಬಾಯಮ್ಮ. ಭಾನುವಾರ ಮೀನು ಕಚ್ಚುದಿಲ್ಲ."

ಗ್ಲ್ಯಾಡಿಸ್ ಬಾಯಿ ಕಪ್ಪು ಕೆಳಗಿಟ್ಟರು. ನಗಲು ಶುರು ಮಾಡಿದವರಿಗೆ ನಿಲ್ಲಿಸಲು ಆಗಲಿಲ್ಲ, ಕಣ್ಣೊರೆಸಿಕೊಂಡು ಪುನಃ ನಕ್ಕರು. ಗಂಡ ಹೋದ ಮೇಲೆ ಪಾಪ ಒಂಟಿಯಾಗಿ ಸ್ವಲ್ಪ ಏನೋ ಆಗಿದೆ ಎಂದುಕೊಂಡು ಚಂದು ಎದ್ದು ಬಂದ.

ಭಾನುವಾರ ಬೆಳಿಗ್ಗೆ ಅವನು ಕಾವ್ಯಳನ್ನು ಹೊರಡಿಸಿದ. ದಾರಿಯಲ್ಲಿ, ಗದ್ದೆಯ ಹುಣಿಯ ಮೇಲೆ ನಡೆಯುತ್ತಾ, ಮುಖ ನೋಡದೆ ಹೇಳಿದ. "ಮಗಾ, ಕಾರ್ಕಳ ಸುಳ್ಳು. ನಾನು ನಿನಗೆ ಸುಳ್ಳು ಹೇಳಿದೆ."

ಕಾವ್ಯ ನಿಂತಳು. ಅವಳು ಬೈದಿದ್ದರೆ ಒಳ್ಳೆಯದಿತ್ತು. "ಯಾಕೆ ಮಾವ?" ಎಂದಷ್ಟೇ ಕೇಳಿದಳು.

ಲೂಯಿಸರಿಗೆ ಕೊಟ್ಟ ಮಾತನ್ನು ಅವನು ಹೇಳಿದ. ಮಂಗಳವಾರದ ವಿಷಯವನ್ನೂ ಹೇಳಿದ. ಅವಳು ಅವನ ಕೈಯಿಂದ ಬಾಲ್ದಿಯನ್ನು ತಾನು ತೆಗೆದುಕೊಂಡಳು. ಸಿಟ್ಟು ಇಳಿದಿಲ್ಲ, ಆದರೆ ಇಳಿಯುತ್ತದೆ ಎಂದು ಅದರಿಂದ ಚಂದುವಿಗೆ ತಿಳಿಯಿತು. ಇಷ್ಟಾದರೂ ಅಭ್ಯಾಸ ಬಿಡಬೇಕಲ್ಲ; ಅವಳಿಗೆ ದಾರಿ ಗುರುತು ಸಿಗದಿರಲೆಂದು ನೇರ ದಾರಿ ಬಿಟ್ಟು ಒಂದು ತೋಟಕ್ಕೆ ಎರಡು ಸುತ್ತು ಹಾಕಿಸಿಯೇ ಕರೆದುಕೊಂಡು ಹೋದ.

ಕೇದಗೆಯ ಮರೆ ದಾಟಿದರೆ, ಅವನ ಕಲ್ಲಿನ ಮೇಲೆ ಪ್ರವೀಣ್ ಕೂತಿದ್ದ.

"ಎಂತ ಚಂದಣ್ಣ, ಇಲ್ಲಿ?" ಎಂದ ಪ್ರವೀಣ್, ಗಾಳದ ಕೋಲನ್ನು ಬೆನ್ನ ಹಿಂದೆ ಸರಿಸುತ್ತಾ. ಅದು ಆರು ಅಡಿ ಉದ್ದವಿತ್ತು.

"ಸುಮ್ಮನೆ ವಾಕಿಂಗ್. ನೀನು?"

"ರಿಕ್ಷಾ ತೊಳೆಯಲಿಕ್ಕೆ ನೀರುಂಟಾ ಅಂತ ನೋಡ್ಲಿಕ್ಕೆ ಬಂದೆ."

ಅಷ್ಟರಲ್ಲಿ ಆಚೆ ಬದಿಯಿಂದ ಬ್ಯಾಪ್ಟಿಸ್ಟ್ ಇಳಿದು ಬಂದ. ಇಗರ್ಜಿಗೆ ಹಾಕಿದ ಇಸ್ತ್ರಿಯ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿದ್ದ, ಕೈಯಲ್ಲಿ ಕುವೈತಿನ ರಾಡು, ಅದರ ತುದಿಯಲ್ಲಿ ರಬ್ಬರಿನ ಕಪ್ಪೆ. ಮೂವರನ್ನೂ ನೋಡಿ ಅವನು ವಾಪಸು ತಿರುಗಿದ, ಆದರೆ ಪ್ಯಾಂಟು ಕೇದಗೆಯ ಮುಳ್ಳಿಗೆ ಸಿಕ್ಕಿತ್ತು.

"ಉದ್ಯಾವರಕ್ಕೆ ಇದು ದಾರಿಯಾ ಅಂಕಲ್?" ಎಂದು ಕೇಳಿದಳು ಕಾವ್ಯ.

ಬ್ಯಾಪ್ಟಿಸ್ಟ್ ಬಗ್ಗಿ ಮುಳ್ಳು ಬಿಡಿಸತೊಡಗಿದ. ಕಡೆಗೆ ಪ್ರವೀಣನೇ ತಡೆಯಲಾರದೆ ಹೇಳಿದ. "ಇದು ನನ್ನ ಜಾಗ ಚಂದಣ್ಣ. ಆರು ವರ್ಷದಿಂದ ಬರ್ತಾ ಇದ್ದೇನೆ. ಇಲ್ಲಿ ಬುಧವಾರ ಸಂಜೆ ಮಾತ್ರ ಮೀನು ಕಚ್ಚುದು."

"ಎಂತ ಬುಧವಾರ?" ಎಂದ ಬ್ಯಾಪ್ಟಿಸ್ಟ್, 'ಹುಚ್ಚಾ ನಿನಗೆ' ಎನ್ನುವ ಧಾಟಿಯಲ್ಲಿ. "ಶುಕ್ರವಾರ. ಬೇರೆ ದಿನ ಇಲ್ಲಿ ಒಂದು ಸಣ್ಣ ಪಾಪೆ ಮೀನೂ ಸಿಗುದಿಲ್ಲ."

"ಮಂಗಳವಾರ," ಎಂದ ಚಂದು. ಅವನ ಸ್ವರ ಸಣ್ಣದಾಗಿತ್ತು. "ಮಂಗಳವಾರ ಬೆಳಿಗ್ಗೆ. ನಿಮಗೆ ಇದನ್ನು ಯಾರು ಹೇಳಿದ್ದು?"

ಇಬ್ಬರೂ ಹೇಳುವ ಅಗತ್ಯವಿರಲಿಲ್ಲ. ಹಿಂದಿನ ಕಾಲುದಾರಿಯಲ್ಲಿ ಕೊಡೆ, ಮಡಚುವ ಸ್ಟೂಲು, ಒಂದು ಗಾಳದ ಕೋಲು ಹಿಡಿದುಕೊಂಡು ಗ್ಲ್ಯಾಡಿಸ್ ಬಾಯಿ ಬರುತ್ತಿದ್ದರು. ಅವರು ಬಂದು ಸ್ಟೂಲು ಬಿಡಿಸಿ, ಸೀರೆಯ ನೆರಿಗೆ ಸರಿಮಾಡಿಕೊಂಡು, ದಿನಾ ಕೂರುವ ಜಾಗದಲ್ಲಿ ಕೂತ ಹಾಗೆ ಕೂತರು.

"ನಾನು ಹೇಳಿದ ಹೊತ್ತಿಗೇ ಎಲ್ಲರೂ ಬಂದದ್ದು ಒಳ್ಳೆದಾಯ್ತು. ಈ ಹುಡುಗಿ ಇವರಿಬ್ಬರಿಗೂ ಫೋನ್ ಮಾಡಿ ಅತ್ತದ್ದಕ್ಕೆ ಬ್ಯಾಪ್ಟಿಸ್ಟ್ ಗುರುವಾರ ಬಂದು ಕೇಳಿದ. ಪ್ರವೀಣ್ ಶುಕ್ರವಾರ ಬಂದ. ಚಂದಣ್ಣ ನಿನ್ನೆ. ಮೂವರೂ 'ನಾನು ಅಂತ ಅಲ್ಲ' ಅಂತಲೇ ಕೇಳಿದ್ದು. ನಾನು ಎಷ್ಟು ಅಂತ ನಗು ತಡೆದುಕೊಳ್ಳುದು?"

"ನನಗೆ ಮಾತ್ರ ಹೇಳುದು ಅಂತ ಹೇಳಿದ್ದರು," ಎಂದ ಪ್ರವೀಣ್.

"ನನಗೂ," ಎಂದ ಬ್ಯಾಪ್ಟಿಸ್ಟ್.

ಚಂದು ನೀರಿನ ಕಡೆ ತಿರುಗಿ ನಿಂತ. ಅವನಿಗೆ ನೋವಾಗಿತ್ತು. ಗುಂಡಿ ಹೋದದ್ದಕ್ಕಲ್ಲ, 'ನಿಮಗೆ ಮಾತ್ರ' ಎಂಬ ಆ ಮಾತು ಹೋದದ್ದಕ್ಕೆ. ಅರವತ್ತೇಳರ ವಯಸ್ಸಿನಲ್ಲಿ ಇಂಥದ್ದಕ್ಕೆ ನೋಯಬಾರದು ಎಂದು ಗೊತ್ತಿದ್ದರೂ ನೋವಾಯಿತು.

ಗ್ಲ್ಯಾಡಿಸ್ ಬಾಯಿ ಗಾಳಕ್ಕೆ ಎರೆಹುಳ ಪೋಣಿಸುತ್ತಾ ಹೇಳಿದರು. "ಒಟ್ಟಿಗೆ ಬಂದರೆ ಗಾಳದವರು ಮೀನು ಹಿಡಿಯುದಿಲ್ಲ, ಜಗಳ ಮಾಡ್ತಾರೆ ಅಂತ ಅವರು ದಿನ ಹಂಚಿದ್ದು. ಪ್ರವೀಣನಿಗೆ ರಿಕ್ಷಾ ಮಗುಚಿ ಕಾಲು ಮುರಿದು ಮನೆಯಲ್ಲಿ ಕೂತಿದ್ದಾಗ ಬುಧವಾರ ಕೊಟ್ಟರು. ಬ್ಯಾಪ್ಟಿಸ್ಟ್ ಕೆಲಸ ಹೋಗಿ ಕುವೈತಿನಿಂದ ಬಂದು ಮೂರು ತಿಂಗಳು ಗೇಟಿನಿಂದ ಹೊರಗೆ ಬರಲಿಲ್ಲ. ಅವನಿಗೆ ಶುಕ್ರವಾರ. ಚಂದಣ್ಣನಿಗೆ ಯಾವಾಗ ಕೊಟ್ಟದ್ದು ಅಂತ ಚಂದಣ್ಣನಿಗೆ ಗೊತ್ತುಂಟು."

ಗೊತ್ತಿತ್ತು. ಖಾಕಿ ಅಂಗಿ, ಬಸ್ ಸ್ಟ್ಯಾಂಡು, ಸ್ಕೂಟರಿನ ಹಿಂದಿನ ಸೀಟು. ಆ ದಿನ ಲೂಯಿಸ್ ತನಗೆ ಮೀನು ಹಿಡಿಯುವ ಜಾಗ ತೋರಿಸಿದರೆಂದೇ ಒಂಬತ್ತು ವರ್ಷ ತಿಳಿದಿದ್ದ. ಅವರು ಕೊಟ್ಟದ್ದು ವಾರದಲ್ಲಿ ಒಂದು ದಿನ. ಎದ್ದು ಹೋಗುವುದಕ್ಕೆ ಒಂದು ಕಾರಣವಿರುವ ದಿನ.

"ಸೋಮವಾರ, ಗುರುವಾರ, ಶನಿವಾರ ಖಾಲಿ ಉಂಟು," ಎಂದರು ಗ್ಲ್ಯಾಡಿಸ್ ಬಾಯಿ. "ಇನ್ನೂ ಯಾರಾದರೂ ಸಿಗಬಹುದು ಅಂತ ಇಟ್ಟಿದ್ದರು. ಅಷ್ಟರಲ್ಲಿ ಅವರೇ ಹೋದರು."

"ಭಾನುವಾರ?" ಎಂದು ಕೇಳಿದಳು ಕಾವ್ಯ.

"ಭಾನುವಾರ ನನ್ನದು. ಮದುವೆಯಾದ ವರ್ಷದಿಂದ. ಪೂಜೆ ಮುಗಿಸಿ ಇಬ್ಬರೂ ಇಲ್ಲಿಗೆ ಬರುದು. ಈಗ ನಾನು ಬರ್ತೇನೆ." ಅವರು ಗಾಳವನ್ನು ನೀರಿಗೆ ಬಿಟ್ಟರು. "ಚಂದಣ್ಣ, ನೀವು ಮಂಗಳವಾರ ಬೀಡಿಯ ತುಂಡು ಕಲ್ಲಿನ ಸಂದಿಗೆ ಸಿಕ್ಕಿಸುದು ಬಿಡಬೇಕು. ನಾನು ಎಷ್ಟು ಅಂತ ಹೆಕ್ಕುದು?"

ಹತ್ತು ನಿಮಿಷವಾಗಿರಲಿಲ್ಲ, ಗ್ಲ್ಯಾಡಿಸ್ ಬಾಯಿಯ ಕೋಲು ಬಾಗಿತು. ಭಾನುವಾರ ಮೀನಿಗೆ ರಜೆ ಎಂದು ನಂಬಿದ ಮೂವರು ಗಂಡಸರು ಬಾಯಿ ಬಿಟ್ಟು ನೋಡುತ್ತಿರುವಂತೆ ಅವರು ಮೊಳದುದ್ದದ ಒಂದು ಮಡೆಂಜಿಯನ್ನು ದಡಕ್ಕೆ ಎಳೆದು ಹಾಕಿದರು. ಮಗುಚಿದರೆ ಹೊಟ್ಟೆಯ ತುಂಬ ಸಾಸಿವೆ. ಕಾವ್ಯ ಅದನ್ನು ಬಾಲ್ದಿಯ ನೀರಿಗೆ ಬಿಟ್ಟು, ತಾನು ಮೊಣಕಾಲಿನವರೆಗೆ ತೋಡಿಗಿಳಿದು ಪಾಚಿಯನ್ನು ಬಾಚಿ ಮೇಲೆತ್ತಿದಳು. ಅವಳ ಅಂಗೈಯಲ್ಲಿ ಅಕ್ಕಿ ಕಾಳಿನಷ್ಟು, ಕಡಲೆಯಷ್ಟು ಶಂಖುಹುಳಗಳು ಅಂಟಿಕೊಂಡಿದ್ದವು. ಮೂರು ವಾರದ ಮೇಲೆ ಅವಳು ನಕ್ಕದ್ದು ಅಂದೇ.

ಸೋಮವಾರ ಬೆಳಿಗ್ಗೆ ರೀನಾ ಮೇಡಂ ಬಂದರು. ಕಾವ್ಯ ತೋರಿಸಿದ ಶಂಖುಹುಳಗಳನ್ನು ಭೂತಗನ್ನಡಿಯಲ್ಲಿ ನೋಡಿದರು, ಬಾಲ್ದಿಯ ಮೀನನ್ನು ನೋಡಿದರು, ಹಲಗೆ ಇಳಿಸಿದ ಅಣೆಕಟ್ಟನ್ನು ನೋಡಿದರು. ಮೂರು ಸುಳ್ಳು ಜಾಗಗಳ ಕತೆಯನ್ನು ಚಂದುವೇ ಅವರೆದುರು ನಿಂತು ಹೇಳಿದ, ಮೂವತ್ತೆರಡು ವರ್ಷದಲ್ಲಿ ಯಾವ ಚೆಕ್ಕಿಂಗಿನವರ ಎದುರೂ ಅವನು ಹಾಗೆ ನಿಂತವನಲ್ಲ. "ತಪ್ಪು ನಮ್ಮದು ಮೇಡಂ. ಹುಡುಗಿಯದ್ದಲ್ಲ."

"ಗೊತ್ತಾಯಿತು," ಎಂದರು ಮೇಡಂ. ಆಮೇಲೆ ಕಾವ್ಯಳ ಕಡೆ ತಿರುಗಿ, "ನಾನು ಅಷ್ಟು ಜನರ ಎದುರು ಹಾಗೆ ಕೇಳಬಾರದಿತ್ತು. ನಾಳೆ ಅವರ ಎದುರೇ ಹೇಳುತ್ತೇನೆ," ಎಂದರು. ಕಾವ್ಯ ಸೀಸೆಗಳಿಗೆ ಚೀಟಿ ಅಂಟಿಸುತ್ತಾ ಅಣೆಕಟ್ಟಿನ ಕಡೆ ಹೋದಳು.

ಮೇಡಂ ಹೋಗಲಿಲ್ಲ. ಕಲ್ಲಿನ ಮೇಲೆ ಕೂತು ಚಪ್ಪಲಿ ಬಿಟ್ಟು ಪಾದಗಳನ್ನು ನೀರಿಗೆ ಇಳಿಬಿಟ್ಟರು. ಮಿಂಚುಳ್ಳಿಯೊಂದು ಎದುರಿನ ಕೊಂಬೆಯಲ್ಲಿ ಬಂದು ಕೂತು ಹೋಯಿತು. ಅವರು ಗಡಿಯಾರ ನೋಡಿಕೊಂಡರು, ಸ್ವಲ್ಪ ಹೊತ್ತು ಬಿಟ್ಟು ಪುನಃ ನೋಡಿಕೊಂಡರು.

"ಕ್ಲಾಸಿಗೆ ಹೊತ್ತಾಯ್ತಾ ಮೇಡಂ?" ಎಂದ ಚಂದು.

"ಇಲ್ಲ. ಈ ವರ್ಷ ನನಗೆ ಕ್ಲಾಸು ಕಡಿಮೆ ಕೊಟ್ಟಿದ್ದಾರೆ. ಮಾರ್ಚಿಗೆ ಮುಗಿಯಿತು." ಅವರು ನೀರನ್ನೇ ನೋಡುತ್ತಿದ್ದರು. "ಗಡಿಯಾರ ನೋಡಿ ನೋಡಿ ಅಭ್ಯಾಸ. ಏಪ್ರಿಲಿನಲ್ಲಿ ಎಲ್ಲಿಗೆ ಹೊರಡಬೇಕು ಅಂತ ಗೊತ್ತಿಲ್ಲ."

ಚಂದುವಿಗೆ ಆ ಮುಖದ ಗುರುತು ಹತ್ತಿತು. ಬಸ್ ಸ್ಟ್ಯಾಂಡಿನ ಕ್ಯಾಂಟೀನಿನ ಕನ್ನಡಿಯಲ್ಲಿ ಅವನು ಅದನ್ನು ದಿನಾ ನೋಡುತ್ತಿದ್ದ.

ಅವನು ಒಮ್ಮೆ ಕಾವ್ಯಳ ಕಡೆ ನೋಡಿದ. ಅವಳು ದೂರದಲ್ಲಿದ್ದಳು. ತನ್ನ ಬಿದಿರಿನ ಕೋಲನ್ನು ಕೇದಗೆಯ ಬುಡದಿಂದ ತೆಗೆದು ತಂದು ಕಲ್ಲಿಗೆ ಒರಗಿಸಿಟ್ಟು, ಬಗ್ಗಿ, ಸಣ್ಣ ಸ್ವರದಲ್ಲಿ ಹೇಳಿದ.

"ಮೇಡಂ, ಇದು ನಿಮಗೆ ಮಾತ್ರ ಹೇಳುದು. ಇಲ್ಲಿ ಸೋಮವಾರ ಮಾತ್ರ ಮೀನು ಕಚ್ಚುದು. ಬೇರೆ ದಿನ ಬಂದರೆ ಏನೂ ಸಿಗುದಿಲ್ಲ."

ಮೂವತ್ತೈದು ವರ್ಷ ಮೀನಿನ ಪಾಠ ಹೇಳಿದ ರೀನಾ ಮೇಡಂ ತಲೆಯೆತ್ತಿ ಅವನನ್ನು ನೋಡಿದರು. ಪಕ್ಕದ ಬಾಲ್ದಿಯಲ್ಲಿ ನಿನ್ನೆ ಭಾನುವಾರ ಹಿಡಿದ ಮಡೆಂಜಿ ಪಟಪಟನೆ ಬಾಲ ಬಡಿಯಿತು. ಅವರು ಬಾಲ್ದಿಯನ್ನೂ ನೋಡಿದರು, ಗಾಳದ ಕೋಲನ್ನೂ ನೋಡಿದರು.

"ಎಷ್ಟು ಗಂಟೆಗೆ ಬರಬೇಕು?" ಎಂದು ಕೇಳಿದರು.

"ಆರೂವರೆಗೆ ಮೇಡಂ," ಎಂದ ಚಂದು. "ಯಾರಿಗೂ ಹೇಳುದಿಲ್ಲ ಅಂತ ಕೈ ಕೊಡಿ."